ತುಳಸಿ ಕಟ್ಟೆಯಲ್ಲಿ ಥೈಮ್

ಕೆಮ್ಮಿಗೂ ಆಗುತ್ತದೆ, ಸೂಪಿಗೂ ಆಗುತ್ತದೆ ಎಂದು ನರ್ಸರಿಯವನು ಹೇಳಿದ ಒಂದೇ ಮಾತಿಗೆ ನಾನು ಥೈಮ್ ಎಂಬ ವಿದೇಶಿ ಸೊಪ್ಪಿನ ಗಿಡ ಕೊಂಡುತಂದೆ. ನಮ್ಮ ಜೆ.ಪಿ. ನಗರದ ಫ್ಲ್ಯಾಟಿನಲ್ಲಿ ಬಿಸಿಲು ಬೀಳುವುದು ಬಾಲ್ಕನಿಯ ತುಳಸಿ ಕಟ್ಟೆಗೆ ಮಾತ್ರ. ತುಳಸಿ ಒಣಗಿ ಕಟ್ಟೆ ಖಾಲಿ ಬಿದ್ದಿತ್ತು. ಹೆಂಡತಿ ಸುಮಾ ಬಾಲ್ಕನಿ ಕಡೆ ತಿರುಗಿಯೂ ನೋಡದೆ ಮೆಟ್ರೋಗೆ ಓಡುವವಳು. ಥೈಮನ್ನು ಅಲ್ಲೇ ನೆಟ್ಟೆ. ಎಂಥ ಬುದ್ಧಿವಂತಿಕೆ!

ಮರುದಿನ ಅತ್ತೆ ಬಂದರು. ಕಣ್ಣಿಗೆ ಪೊರೆ ಬಂದು ಆಪರೇಷನ್ನಿಗೆ ಕಾಯುತ್ತಿದ್ದರು. ಬೆಳಿಗ್ಗೆ ನಾನು ಹಲ್ಲುಜ್ಜುತ್ತಾ ಬಾಲ್ಕನಿಗೆ ಬಂದೆ. ಅತ್ತೆ ಥೈಮಿಗೆ ಅರಿಶಿನ ಕುಂಕುಮ ಹಚ್ಚಿ, ಒಂದು ಚೊಂಬು ನೀರೆರೆದು, ಕೈ ಮುಗಿದು ನಿಂತಿದ್ದರು!

"ಅತ್ತೆ, ಅದು..." ಎಂದೆ.

"ಗಿಡ ಚೆನ್ನಾಗಿದೆ ಅಳಿಯಂದ್ರೇ," ಎಂದರು.

ನಾನು ಹೌದೌದು ಎಂದು ತಲೆಯಾಡಿಸಿದೆ. ಮಡಿವಂತ ಹಿರಿಯರಿಂದ ಸೂಪಿನ ಸೊಪ್ಪಿಗೆ ಪೂಜೆ ಮಾಡಿಸಿದವನು ಎಂದು ಗೊತ್ತಾದರೆ, ಹನ್ನೆರಡು ವರ್ಷದಿಂದ ಉಳಿಸಿಕೊಂಡ ಒಳ್ಳೆಯ ಅಳಿಯ ಎಂಬ ಹೆಸರು ಮಣ್ಣುಪಾಲು. ಹೆಚ್ಚು ನೀರು ಬಿದ್ದರೆ ಥೈಮ್ ಕೊಳೆಯುತ್ತದೆ ಬೇರೆ. ಪೂಜೆ ಮುಗಿದ ಮೇಲೆ ದಿನವೂ ಕಳ್ಳನ ಹಾಗೆ ಸ್ಪೂನಿನಲ್ಲಿ ನೀರು ತೋಡುತ್ತಿದ್ದೆ.

ಅಷ್ಟರಲ್ಲಿ ತುಳಸಿ ಹಬ್ಬ ಬಂತು. ಅತ್ತೆ ಬಿಲ್ಡಿಂಗಿನ ಹೆಂಗಸರನ್ನೆಲ್ಲ ಪೂಜೆಗೆ ಕರೆದೇಬಿಟ್ಟರು. ಆ ಹೆಂಗಸರ ಕಣ್ಣಿಗೆ ಪೊರೆ ಇರಲಿಲ್ಲ! ನಾನು ಜಯನಗರಕ್ಕೆ ಓಡಿ, ಹಬ್ಬದ ನೂಕುನುಗ್ಗಲಿನಲ್ಲಿ ಕೈ ತೋರಿಸಿ ಒಂದು ಗಿಡ ಕೊಂಡುತಂದೆ. ಅತ್ತೆ ಮಲಗಿದ್ದಾಗ ಥೈಮ್ ಕಿತ್ತೆಸೆದು, ಅದನ್ನು ನೆಟ್ಟು ನಿಟ್ಟುಸಿರು ಬಿಟ್ಟೆ.

ಸಂಜೆ ದೀಪ ಹಚ್ಚಿ, ನೆಲ್ಲಿ ಕೊಂಬೆ ಸಿಕ್ಕಿಸಲು ಬಗ್ಗಿದ ಅತ್ತೆ ಎಲೆಯೊಂದನ್ನು ಮೂಸಿ ನೋಡಿ ನಿಂತುಬಿಟ್ಟರು.

"ಹಳೇ ಗಿಡ ಯಾಕೆ ಕಿತ್ರಿ? ದಿನಾ ಎರಡು ಕಡ್ಡಿ ಹಾಕಿ ಕಷಾಯ ಕುಡೀತಿದ್ದೆ. ಕೆಮ್ಮು ನಿಂತಿತ್ತು."

ನಾನು ಕೇಳಿದೆ, "ಅದು ತುಳಸಿ ಅಲ್ಲ ಅಂತ ನಿಮಗೆ ಗೊತ್ತಿತ್ತಾ?"

"ಓಮದ ವಾಸನೆ ಬರೋದು ತುಳಸಿ ಹೇಗಾಗುತ್ತೆ? ಪಾಪ, ನಿಮಗೆ ತುಳಸಿ ಗುರುತು ಸಿಗಲ್ಲ, ಹೇಳಿದ್ರೆ ನಾಚಿಕೆ ಪಟ್ಕೋತೀರ ಅಂತ ಸುಮ್ನಿದ್ದೆ. ಹಬ್ಬದ ದಿನ ಎದುರುಮನೆ ತುಳಸಿ ಕುಡಿ ಸಿಕ್ಕಿಸಿದ್ರಾಯ್ತು ಅಂದ್ಕೊಂಡಿದ್ದೆ. ನನ್ನ ಪೂಜೆ ಯಾರಿಗೆ ಅಂತ ದೇವರಿಗೆ ಗೊತ್ತಾಗಲ್ವಾ?"

ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಇದ್ದಬದ್ದ ಗಾಂಭೀರ್ಯ ಒಟ್ಟುಮಾಡಿ, "ಗುರುತು ಸಿಗದೆ ಏನು ಅತ್ತೆ? ಇವತ್ತು ತುಳಸೀನ ನಾನೇ ಆರಿಸಿ ತಂದಿದೀನಲ್ಲ," ಎಂದೆ.

ಅತ್ತೆ ಆ ಎಲೆಯನ್ನು ಪಕ್ಕದಲ್ಲಿದ್ದ ಸುಮಾಳ ಕೈಗಿಟ್ಟರು. ಅವಳೂ ಮೂಸಿದಳು.

"ರೀ, ಇದು ಕಾಮಕಸ್ತೂರಿ."

ಆ ಸಲ ಹಬ್ಬ ಎದುರುಮನೆಯವರ ತುಳಸಿಗೆ ನಡೆಯಿತು. ನೆಲ್ಲಿ ಕೊಂಬೆ ಹಿಡಿದುಕೊಂಡು ಹೆಂಗಸರ ಹಿಂದೆ ಹೋದವನು ನಾನು.