ಅಜ್ಜಯ್ಯನಿಗೆ ಮುಡುಪಾದ ಫೋನು

"ಇವತ್ತಿಗೆ ಈ ಮನೇಲಿ ಫೋನಿನ ದರ್ಬಾರು ಮುಗೀತು!"

ಹೀಗೆಂದು ರೂಪಶ್ರೀ ಘೋಷಿಸಿದ್ದು ಒಂದು ಶನಿವಾರ ಸಂಜೆ ಆರು ಗಂಟೆಗೆ, ಮರಳೂರಿನ ತನ್ನ ಮನೆಯ ನಡುಮನೆಯಲ್ಲಿ, ಕೈಯಲ್ಲಿ ಸೌಟು ಹಿಡಿದುಕೊಂಡು. ಘೋಷಣೆ ಎಷ್ಟು ಗಟ್ಟಿಯಾಗಿತ್ತೆಂದರೆ, ನಲ್ಲಿಯಲ್ಲಿ ನೀರು ಬಿಟ್ಟರೆಂದು ಯಾರೋ ಕೂಗುತ್ತಿದ್ದಾರೆಂದು ತಿಳಿದು ಎದುರುಮನೆಯವರು ಬಿಂದಿಗೆ ಹಿಡಿದು ಹೊರಗೆ ಬಂದರಂತೆ. ಆದರೆ ಯಾರಿಗೆ ಕೇಳಿಸಬೇಕಿತ್ತೋ ಆ ಇಬ್ಬರಿಗೆ ಮಾತ್ರ ಕೇಳಿಸಲಿಲ್ಲ. ಮಗಳು ಕಾವ್ಯಳ ಕಿವಿಯಲ್ಲಿ ಇಯರ್‌ಫೋನು. ಗಂಡ ಗುರುಪ್ರಕಾಶನ ಕಿವಿಯಲ್ಲಿ ಏನೂ ಇರಲಿಲ್ಲ, ಹತ್ತೊಂಬತ್ತು ವರ್ಷದ ಸಂಸಾರದ ಅಭ್ಯಾಸವೊಂದನ್ನು ಬಿಟ್ಟರೆ.

ರೂಪಶ್ರೀ ಸಾಮಾನ್ಯ ಹೆಂಗಸಲ್ಲ. ಹಿರೇಹಳ್ಳಿಯಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರು. ಒಂದು ತಲೆಗೂದಲನ್ನು ಉದ್ದಕ್ಕೆ ಹತ್ತು ಸೀಳು ಮಾಡಿ, ಅದರಲ್ಲೊಂದು ಸೀಳಿನಷ್ಟು ವ್ಯತ್ಯಾಸವಿದ್ದರೂ ಬರಿಗಣ್ಣಿನಲ್ಲೇ ಹಿಡಿದು 'ರಿಜೆಕ್ಟ್' ಮುದ್ರೆ ಒತ್ತುವವಳು. ಅವಳು ನಡೆದು ಬಂದರೆ ಲೇತ್ ಮಷೀನುಗಳೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತವೆ ಎಂದು ಅಲ್ಲಿಯವರು ಹೇಳುತ್ತಾರೆ. ಅಂಥವಳು ಮನೆಗೆ ಬಂದರೆ ಹದಿನೇಳರ ಮಗಳು ತಲೆ ಎತ್ತಿ ನೋಡುವುದಿಲ್ಲ! "ಊಟಕ್ಕೆ ಬಾರೇ" ಎಂದು ಅಡುಗೆಮನೆಯಿಂದ ಕೂಗಿದರೆ ಉತ್ತರವಿಲ್ಲ. ಅದೇ ಮಾತನ್ನು ವಾಟ್ಸ್ಯಾಪಿನಲ್ಲಿ ಕಳಿಸಿದರೆ ಒಂದು ಹೆಬ್ಬೆರಳಿನ ಚಿತ್ರ ಬರುತ್ತದೆ. ಮೂರು ತಿಂಗಳಿಂದ ಮಗಳ ಮುಖವನ್ನು ಪೂರ್ತಿಯಾಗಿ ಕಂಡಿದ್ದು ಅವಳ ಡಿಪಿಯಲ್ಲಿ ಮಾತ್ರ. ಅಲ್ಲೂ ಆ ಹುಡುಗಿ ನಾಯಿಯ ಕಿವಿ ಅಂಟಿಸಿಕೊಂಡಿದ್ದಳು.

ಸೌಟಿನಿಂದ ಟೀಪಾಯಿಗೆ ಒಂದು ಏಟು ಬಿದ್ದ ಮೇಲೆ ಇಬ್ಬರೂ ಈ ಲೋಕಕ್ಕೆ ಬಂದರು.

"ಈಗಿಂದ ಸೋಮವಾರ ಬೆಳಗ್ಗೆ ಆರರವರೆಗೂ ಫೋನ್ ಉಪವಾಸ. ಮೂರೂ ಫೋನು ದೇವರಮನೇಲಿ. ಕೊಡಿ."

"ಅಮ್ಮ, ಸೋಮವಾರ ನನ್ನ ಸೀಟು ಕನ್ಫರ್ಮ್ ಮಾಡ್ಬೇಕು. ಸೈಟು ಹತ್ತಕ್ಕೆ ತೆಗೆದು ನಾಲ್ಕಕ್ಕೆ ಮುಚ್ತಾರೆ. ಒಟಿಪಿ ನಿನ್ನ ಫೋನಿಗೇ ಬರೋದು."

"ನಂಗೊತ್ತಿಲ್ವೇನೇ? ನಿನ್ನ ನಂಬರ್ ಕೊಟ್ರೆ ರೀಲ್ಸ್ ನೋಡ್ತಾ ಸೀಟು ಕಳ್ಕೊಂಡು ಕೂತಿರ್ತೀಯ ಅಂತಾನೇ ನನ್ನ ನಂಬರ್ ಕೊಟ್ಟಿರೋದು. ಆರಕ್ಕೇ ಬಿಚ್ತೀನಿ ಬಿಡು."

ಕೃಷಿ ಬಿಎಸ್ಸಿ ಸೀಟು. ಎರಡು ವರ್ಷ ಓದಿ ಗಿಟ್ಟಿಸಿಕೊಂಡದ್ದು. ಸೋಮವಾರ ನಾಲ್ಕು ಗಂಟೆ ಮೀರಿದರೆ ಅದು ಇನ್ಯಾರ ಮಗಳಿಗೋ.

ಫೋನುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಬಹುದಿತ್ತು. ಆದರೆ ಬೀರುವಿನ ಬೀಗವನ್ನು ಕಾವ್ಯ ಹೇರ್‌ಪಿನ್ನಿನಲ್ಲಿ ತೆಗೆಯುತ್ತಾಳೆ. ಅದಕ್ಕೇ ರೂಪಶ್ರೀಯ ತಲೆಯಲ್ಲಿ ಮಹಾ ಉಪಾಯವೊಂದು ಹೊಳೆದಿತ್ತು: ಮುಡುಪು! ಹರಕೆ ಹೊತ್ತು, ಅರಿಶಿನದ ಬಟ್ಟೆಯಲ್ಲಿ ಗಂಟು ಕಟ್ಟಿ, ಮನೆದೇವರಾದ ಅಜ್ಜಯ್ಯನ ಫೋಟೋ ಮುಂದಿಟ್ಟರೆ ಆಯಿತು. ಅದನ್ನು ಅಜ್ಜಯ್ಯನ ಗದ್ದುಗೆಗೆ ಒಪ್ಪಿಸುವವರೆಗೆ ಆ ಮನೆಯಲ್ಲಿ ಯಾರೂ ಬಿಚ್ಚುವ ಹಾಗಿಲ್ಲ. ಬೀಗಕ್ಕೆ ಹೆದರದ ಕಾವ್ಯ ಅಜ್ಜಯ್ಯನಿಗೆ ಹೆದರುತ್ತಾಳೆ. ತಾನು ಮಾತ್ರ ಸೋಮವಾರ ತಪ್ಪುಕಾಣಿಕೆ ಇಟ್ಟು ಬಿಚ್ಚಿದರಾಯಿತು.

ಮಗಳೂ ಗಂಡನೂ ತಂತಮ್ಮ ಫೋನುಗಳನ್ನು ಹಳದಿ ಬಟ್ಟೆಯ ಮೇಲೆ ತಂದಿಟ್ಟರು, ಆಶ್ಚರ್ಯವಾಗುವಷ್ಟು ಸೌಮ್ಯವಾಗಿ. ರೂಪಶ್ರೀ ಆ ಸೌಮ್ಯತೆಯನ್ನು ಇನ್‌ಸ್ಪೆಕ್ಟ್ ಮಾಡಬೇಕಿತ್ತು. ಆದರೆ ಅವಳು ಆಗ ಬಟ್ಟೆ, ಹೂವು, ದೀಪ ಮೂರೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಫೋಟೋ ತೆಗೆಯುವ ಗಡಿಬಿಡಿಯಲ್ಲಿದ್ದಳು. 'ನಮ್ಮ ಮನೆಯಲ್ಲಿ ಇಂದಿನಿಂದ ಫೋನ್ ಉಪವಾಸ. ನಿಮ್ಮ ಮನೆಯಲ್ಲಿ?' ಎಂದು ಬರೆದು ಫೇಸ್‌ಬುಕ್ಕಿಗೆ ಹಾಕಿದಳು. ಆಮೇಲೆ ತನ್ನ ಫೋನನ್ನೂ ಇಟ್ಟು ಮೂರು ಗಂಟು ಬಿಗಿದಳು.

ಮೂರನೆಯ ಗಂಟು ಬಿಗಿಯುವಾಗಲೇ ಅವಳಿಗೆ ಅರಿವಾಯಿತು: ಲೈಕು ಎಷ್ಟು ಬಂತೆಂದು ಸೋಮವಾರದವರೆಗೂ ಗೊತ್ತಾಗುವುದಿಲ್ಲ!

ಭಾನುವಾರದ ಕಥೆಯನ್ನು ಏನೆಂದು ಹೇಳುವುದು! ಅವಳ ಬಲಗೈ ಹೆಬ್ಬೆರಳು ತನ್ನ ಪಾಡಿಗೆ ತಾನು ಮೇಲೆ ಕೆಳಗೆ ಆಡುತ್ತಿತ್ತು. ಹೆಂಚಿನ ಮೇಲಿನ ದೋಸೆಯನ್ನು ಎರಡು ಸಲ ಸ್ಕ್ರೋಲ್ ಮಾಡಿ ಸುಟ್ಟುಕೊಂಡಳು. ಮಗಳಾದರೋ ಪುಸ್ತಕ ಹಿಡಿದು ಯೋಗಿನಿಯ ಹಾಗೆ ಕೋಣೆಯಲ್ಲಿ ಕೂತಿದ್ದಳು. ಗುರುಪ್ರಕಾಶ ಗಿಡಗಳಿಗೆ ನೀರು ಹಾಕಲು ಹನ್ನೊಂದು ಸಲ ಟೆರೇಸಿಗೆ ಹೋಗಿ ಬಂದ. ಟೆರೇಸಿನ ಮೇಲಿದ್ದದ್ದು ಒಂದೇ ಒಂದು ಲೋಳೆಸರದ ಕುಂಡ.

ಮಧ್ಯಾಹ್ನದ ಹೊತ್ತಿಗೆ ಸಿ.ಎಸ್. ಪುರದಿಂದ ಅತ್ತೆ ಶಕುಂತಲಮ್ಮ ಬಂದರು. ಮಾರನೆಯ ದಿನ ಮೊದಲ ಬಸ್ಸಿಗೆ ಕುಣಿಗಲ್ ಕಡೆಯ ಅಜ್ಜಯ್ಯನ ಗದ್ದುಗೆಗೆ ಹೋಗುವವರು ರಾತ್ರಿ ತಂಗಲು ಮಗನ ಮನೆಗೆ ಬಂದಿದ್ದರು. ಕೈಕಾಲು ತೊಳೆದು ದೇವರಮನೆಗೆ ಹೋದವರು ಅಲ್ಲೇ ನಿಂತುಬಿಟ್ಟರು.

"ಇದೇನವ್ವಾ, ಮುಡುಪು ಕಟ್ಟಿದೀಯಾ?"

ದೇವರ ಬಟ್ಟೆಯಲ್ಲಿ ಫೋನು ಕಟ್ಟಿದ್ದೇನೆಂದು ಸೊಸೆ ಯಾವ ಬಾಯಲ್ಲಿ ಹೇಳಿಯಾಳು? "ಹೂಂ ಅತ್ತೆ… ಒಂದು ಹರಕೆ. ಕಾವ್ಯನ ಒಳ್ಳೇದಕ್ಕೆ" ಎಂದು ಅಡುಗೆಮನೆಗೆ ಜಾರಿಕೊಂಡಳು.

ಶಕುಂತಲಮ್ಮನ ಕಣ್ಣಲ್ಲಿ ನೀರೇ ಬಂತು. "ಹತ್ತೊಂಬತ್ತು ವರ್ಸದಿಂದ ಒಂದು ಹರಕೆ ಅಂದೋಳಲ್ಲ. ಈಗಲಾದ್ರೂ ಅಜ್ಜಯ್ಯ ಬುದ್ಧಿ ಕೊಟ್ನಲ್ಲ!" ಎನ್ನುತ್ತಾ ಗಂಟನ್ನು ಮೆಲ್ಲಗೆ ಎತ್ತಿ ನೋಡಿದರು. ಭಾರವಿತ್ತು. ಬೆಳ್ಳಿ ಪಾದುಕೆಯನ್ನೇ ಮಾಡಿಸಿದ್ದಾಳೆ ಎಂದುಕೊಂಡರು.

ಸೋಮವಾರ ಬೆಳಗ್ಗೆ ಆರಕ್ಕೆ ರೂಪಶ್ರೀ ಸ್ನಾನ ಮಾಡಿ ದೇವರಮನೆಗೆ ಬಂದರೆ ಫೋಟೋ ಇದೆ, ಹೂವಿದೆ, ಗಂಟಿಲ್ಲ! ಐದೂವರೆಯ ಬಸ್ಸಿಗೆ ಹೊರಟುಹೋದ ಅತ್ತೆಯ ಮೇಲೆ ಅನುಮಾನ ಪಡುವ ಯೋಚನೆಯೇ ಅವಳಿಗೆ ಬರಲಿಲ್ಲ. ಹದಿನೇಳು ವರ್ಷದ ಆರೋಪಿ ಮನೆಯಲ್ಲೇ ಮಲಗಿರುವಾಗ ಹೊರಗೆ ಯಾಕೆ ಹುಡುಕಬೇಕು?

"ಎದ್ದೇಳೇ! ಎಲ್ಲಿ ಮಡಗಿದೀಯ?"

"ಏನನ್ನ?"

"ನಾಟಕ ಆಡ್ಬೇಡ. ಮುಡುಪು!"

"ನಾನು ಮುಟ್ಟಿಲ್ಲಮ್ಮ. ಅಜ್ಜಯ್ಯನಾಣೆ."

"ಆಣೆ ಬೇರೆ ಇಡ್ತೀಯಾ? ಸೀಟು ನಿಂದು ಕಣೇ, ನಂದಲ್ಲ!"

ಅಕ್ಕಿ ಡಬ್ಬ, ವಾಷಿಂಗ್ ಮಷೀನು, ಗುರುಪ್ರಕಾಶನ ಶೂ, ಎಲ್ಲ ಶೋಧಿಸಿದ್ದಾಯಿತು. ಅವತ್ತೇ ಕಾರ್ಖಾನೆಗೆ ಹೊರಗಿನ ಕಂಪನಿಯವರು ತಪಾಸಣೆಗೆ ಬರುವವರಿದ್ದರು. ರಜೆ ಹಾಕುವ ಹಾಗಿರಲಿಲ್ಲ. "ನಾನು ಅಲ್ಲಿಂದ ಫೋನ್ ಮಾಡ್ತಾನೇ ಇರ್ತೀನಿ. ಎಲ್ಲಿ ಬಚ್ಚಿಟ್ಟಿದ್ರೂ ಸದ್ದು ಮಾಡತ್ತೆ!" ಎಂದು ಗುಡುಗಿ ಹೊರಟಳು.

ಗುಡುಗಿದ ಹಾಗೇ ನಡೆದುಕೊಂಡಳು. ಕಾರ್ಖಾನೆಯ ಲ್ಯಾಂಡ್‌ಲೈನಿನಿಂದ ಹತ್ತು ನಿಮಿಷಕ್ಕೊಮ್ಮೆ ತನ್ನ ನಂಬರಿಗೆ ತಾನೇ ಹೊಡೆದಳು. ರಿಂಗಾಗುತ್ತದೆ, ಎತ್ತುವವರಿಲ್ಲ. ಮಗಳು ಗಂಟಿನ ಮೇಲೆ ದಿಂಬಿಟ್ಟು ಕೂತಿರುವ ಚಿತ್ರ ಕಣ್ಣಿಗೆ ಕಟ್ಟಿ, ಹಲ್ಲು ಕಡಿದು ಮತ್ತೆ ಹೊಡೆದಳು. ಅತ್ತ ಗುರುಪ್ರಕಾಶ ಸಿಮ್ ಅಂಗಡಿಗೆ ಓಡಿದ. "ಡೂಪ್ಲಿಕೇಟ್ ಸಿಮ್ಮು ಈಗ್ಲೇ ಕೊಡ್ತೀವಿ ಸಾರ್, ಆಕ್ಟಿವೇಟ್ ಆಗೋದು ಸಂಜೆ" ಎಂಬ ಉತ್ತರ ಬಂತು.

ತಪಾಸಣೆ ಮುಗಿದ ಮೇಲೆ, ಒಂದು ಗಂಟೆಯ ಹೊತ್ತಿಗೆ ಗಂಡನೂ ಮಗಳೂ ಕಾರು ತೆಗೆದುಕೊಂಡು ಕಾರ್ಖಾನೆಯ ಗೇಟಿಗೇ ಬಂದರು. ಕಾವ್ಯ ಒಂದು ಫೋನನ್ನು ತಾಯಿಯ ಮೂಗಿಗೆ ಹಿಡಿದಳು. "ಅಮ್ಮ, ಇದನ್ನ ಕೇಳು!"

ಅದೊಂದು ರೀಲು. ಕಲ್ಲು ಮಂಟಪ, ಅದರಲ್ಲೊಂದು ತಾಮ್ರದ ದೊಡ್ಡ ಹುಂಡಿ, ಸುತ್ತ ಕೈಮುಗಿದ ಜನ. ಹುಂಡಿಯೊಳಗಿಂದ ಢಣ್ ಢಣ್ ಢಣ್ ಎಂದು ದೇವಸ್ಥಾನದ ಗಂಟೆಯ ನಾದ! ಕೆಳಗೆ ದಪ್ಪಕ್ಷರ: 'ಅಜ್ಜಯ್ಯನ ಗದ್ದುಗೆಯಲ್ಲಿ ಪವಾಡ! ಬೆಳಗ್ಗೆಯಿಂದ ಇಪ್ಪತ್ತೆರಡು ಸಲ ತಾನಾಗಿ ಮೊಳಗಿದ ಗಂಟೆ! ಹನ್ನೊಂದು ಜನಕ್ಕೆ ಶೇರ್ ಮಾಡಿ!' ನಲವತ್ತು ಸಾವಿರ ಜನ ನೋಡಿದ್ದರು.

ಆ ಗಂಟೆ ರೂಪಶ್ರೀಯ ಫೋನಿನ ರಿಂಗ್‌ಟೋನು. ಇಪ್ಪತ್ತೆರಡು ಸಲ ಹೊಡೆದವಳೂ ಅವಳೇ!

"ಅತ್ತೆ ತಗೊಂಡ್ಹೋಗಿ ಹುಂಡಿಗೆ ಹಾಕವ್ರೆ ಕಣ್ರೀ!" ಎಂದು ಕಾರು ಹತ್ತಿದವಳಿಗೆ ಹೆದ್ದಾರಿ ಸಿಕ್ಕ ಮೇಲೆ ಇನ್ನೊಂದು ಹೊಳೆಯಿತು. "ಅದ್ಸರಿ, ನಿನ್ನ ಕೈಲಿರೋ ಫೋನು ಯಾರದ್ದೇ?"

"…ನಂದು."

"ಮುಡುಪಲ್ಲಿ ಇಟ್ಟಿದ್ದು?"

"ಕವರು ನಂದೇ ಅಮ್ಮ. ಒಳಗಡೆ ಬಟ್ಟೆ ಸೋಪು."

ರೂಪಶ್ರೀ ನಿಧಾನವಾಗಿ ಗಂಡನ ಕಡೆ ತಿರುಗಿದಳು. ಗುರುಪ್ರಕಾಶ ರಸ್ತೆಯನ್ನು ಹಿಂದೆಂದೂ ನೋಡದಷ್ಟು ಗಮನವಿಟ್ಟು ನೋಡುತ್ತಿದ್ದ.

"ರೀ, ನಿಮ್ದು?"

"ಹಳೇದು ಕಣೇ. ಆವತ್ತು ನೀರಿನ ಸಂಪಿನೊಳಕ್ಕೆ ಬಿದ್ದು ಸತ್ತೋಗಿತ್ತಲ್ಲ, ಅದು."

ಕೂದಲಿನ ಸೀಳು ಹಿಡಿಯುವ ಕಣ್ಣು ಸೋಪಿನ ಬಿಲ್ಲೆಯನ್ನು ಫೋನೆಂದು ಪಾಸು ಮಾಡಿತ್ತು!

ಗದ್ದುಗೆಯ ಹತ್ತಿರ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಅರ್ಧ ತಾಲ್ಲೂಕು ಅಲ್ಲೇ ಇತ್ತು, ಉಳಿದರ್ಧ ದಾರಿಯಲ್ಲಿತ್ತು. ಬೆಳಗ್ಗೆ ಇಲ್ಲದ ಮೂರು ಟೀ ಅಂಗಡಿ ಮಧ್ಯಾಹ್ನಕ್ಕೆ ಹುಟ್ಟಿಕೊಂಡಿದ್ದವು. ಹುಂಡಿಯ ಪಕ್ಕದಲ್ಲಿ ಪಟ್ಟದ ರಾಣಿಯ ಹಾಗೆ ಶಕುಂತಲಮ್ಮ ಕೂತಿದ್ದರು.

"ನನ್ ಸೊಸೆ ಮುಡುಪು ಬಿದ್ದ ಮ್ಯಾಲೇ ಗಂಟೆ ಸುರುವಾಗಿದ್ದು! ಅಗಳಗಳ, ಬಂದ್ಲು ನೋಡ್ರವ್ವ ಪುಣ್ಯಾತ್ಗಿತ್ತಿ!"

ನಾಲ್ಕು ಜನ ಮುದುಕಿಯರು ರೂಪಶ್ರೀಯ ಕಾಲಿಗೆ ಬಿದ್ದೇಬಿಟ್ಟರು. ಗಂಟೆ ಮೂರೂ ಇಪ್ಪತ್ತು.

ಅವಳು ಬಿಡಿಸಿಕೊಂಡು ಗದ್ದುಗೆಯ ಪೂಜೆ ಮಾಡುವ ಚನ್ನವೀರಯ್ಯನವರ ಮುಂದೆ ನಿಂತಳು. ಸುತ್ತಲೂ ಮುನ್ನೂರು ಫೋನು, ಮುನ್ನೂರೂ ಅವಳ ಮುಖಕ್ಕೆ. ಮಾನವೋ, ಮಗಳ ಸೀಟೋ? ಕಣ್ಣು ಮುಚ್ಚಿ ಅಂದೇಬಿಟ್ಟಳು: "ಅಯ್ಯನೋರೇ, ಅದು ಪವಾಡ ಅಲ್ಲ. ನನ್ನ ಫೋನು!"

"ದೇವ್ರನ್ನ ಫೋನು ಅಂತಾಳಲ್ಲಪ್ಪ!" ಎಂದಿತು ಗುಂಪು.

ಕಾವ್ಯ ತಾಯಿಯ ನಂಬರು ಒತ್ತಿದಳು. ಢಣ್ ಢಣ್! ಮುನ್ನೂರು ಜನ ಕೈಮುಗಿದರು. ಕಟ್ ಮಾಡಿದಳು, ನಿಂತಿತು. ಮತ್ತೆ ಒತ್ತಿದಳು. ಢಣ್ ಢಣ್! ನೂರೈವತ್ತು ಕೈ ಮುಗಿದವು. ಮೂರನೆಯ ಸಲಕ್ಕೆ ಮುಗಿದ ಕೈ ಶಕುಂತಲಮ್ಮನವರದು ಒಂದೇ.

ಚನ್ನವೀರಯ್ಯನವರು ನಿಟ್ಟುಸಿರುಬಿಟ್ಟರು. "ತೆಗೀಬೋದು ತಾಯಿ. ಆದ್ರೆ ಒಪ್ಪಿಸಿದ್ದು ಅಜ್ಜಯ್ಯಂದು. ಅದೇನು ನಂಬರ್ ಬೇಕೋ ನೋಡ್ಕೊಂಡು ವಾಪಸ್ ಮಡಗ್ಬೇಕು. ಮುಡುಪು ಬಿಚ್ಚೋಕ್ಮುಂಚೆ ಹರಕೆ ಏನಂತ ಎಲ್ರ ಮುಂದೆ ಹೇಳ್ಬೇಕು. ಅದು ಇಲ್ಲಿ ಕಟ್ಟಳೆ."

"ಮಗಳು… ಫೋನು ಬಿಡ್ಲಿ ಅಂತ."

ಮುನ್ನೂರು ಫೋನುಗಳ ಹಿಂದಿನಿಂದ ಎದ್ದ ನಗೆ ಕುಣಿಗಲ್ ಕೆರೆಯ ನೀರನ್ನು ಅಲುಗಿಸಿರಬೇಕು.

ಕಾಯಿ, ಕೊಬ್ಬರಿ ಗಿಟುಕು, ಅಕ್ಕಿ ಗಂಟುಗಳ ಅಡಿಯಿಂದ ಹಳದಿ ಗಂಟು ಹೊರಬಂತು. ಮೊದಲು ಸೋಪಿನ ವಾಸನೆ, ಆಮೇಲೆ ಸೋಪು, ಆಮೇಲೆ ಗುರುಪ್ರಕಾಶನ ಸತ್ತ ಫೋನು, ಕಡೆಗೆ ಅವಳದು. ಬ್ಯಾಟರಿ ನೂರಕ್ಕೆ ಎರಡು. ಗಂಟೆ ಮೂರೂ ನಲವತ್ತೆಂಟು.

"ಒಟಿಪಿಗೆ ಒತ್ತಿದೀನಮ್ಮ, ಮೆಸೇಜ್ ತೆಗಿ, ಬೇಗ!"

ತೆಗೆಯಬೇಕಿತ್ತು. ಆದರೆ ಎರಡು ದಿನದಿಂದ ಹಸಿದಿದ್ದ ಆ ಹೆಬ್ಬೆರಳಿದೆಯಲ್ಲ, ಅದು ಯಾರ ಮಾತನ್ನೂ ಕೇಳಲಿಲ್ಲ. ಸೀದಾ ಫೇಸ್‌ಬುಕ್ಕಿಗೆ ಹೋಯಿತು.

"ಇನ್ನೂರ ಹನ್ನೆರಡು ಲೈಕು ಕಣೇ!" ಎಂದು ಬಾಯಿಂದಲೂ ಬಂತು.

ಅಷ್ಟರಲ್ಲಿ ಫೋನು ಕಣ್ಣು ಮುಚ್ಚಿತು.

"ಅಮ್ಮಾ!"

ಹದಿನೇಳು ವರ್ಷದಲ್ಲಿ ಆ ಹುಡುಗಿ ಆ ಪದವನ್ನು ಅಷ್ಟು ದೊಡ್ಡದಾಗಿ ಕೂಗಿರಲಿಲ್ಲ. ಆದರೆ ಕೂಗಿ ಕೂರಲಿಲ್ಲ. ಅಜ್ಜಿಯ ಬಳೆಯಲ್ಲಿ ತೂಗುತ್ತಿದ್ದ ಸೇಫ್ಟಿ ಪಿನ್ನು ಕಿತ್ತು, ತಾಯಿಯ ಫೋನಿನ ಪಕ್ಕೆಗೆ ಚುಚ್ಚಿ, ಸಿಮ್ಮು ಹೊರಗೆಳೆದು, ಮುಡುಪಿಗೆ ಬೀಳದೆ ಉಳಿದಿದ್ದ ತನ್ನ ಫೋನಿಗೆ ತುರುಕಿದಳು. ಎರಡನೆಯ ಸಲ ಒಟಿಪಿ ಬಂತು. ಮೂರೂ ಐವತ್ತೇಳಕ್ಕೆ ಪರದೆಯ ಮೇಲೆ ಹಸಿರು ಗುರುತು ಮೂಡಿತು. ಸೀಟು ಉಳಿಯಿತು. ಹೇಳಿದ ಮಾತು ಕೇಳದ ಮಗಳಿಂದಲೇ ಉಳಿಯಿತು! ಮುನ್ನೂರು ಜನ ಜಯಕಾರ ಹಾಕಿದರು. ಬಂದದ್ದಕ್ಕೆ ಇದಾದರೂ ಸಿಕ್ಕಿತಲ್ಲ ಎಂದು ಅವರಿಗೂ ಸಮಾಧಾನ.

ಚನ್ನವೀರಯ್ಯನವರು ತಟ್ಟೆ ಮುಂದೆ ಹಿಡಿದರು.

"ಅಯ್ಯನೋರೇ, ಫೋನಿಗೆ ಬದಲು ಬೇರೆ ಏನಾದ್ರೂ…"

"ಅವೆಲ್ಲ ಆಗಾಕಿಲ್ಲ ಬುಡವ್ವ" ಎಂದರು ಶಕುಂತಲಮ್ಮ, ಸೊಸೆಯ ಭಕ್ತಿ ಎಲ್ಲಿ ಸಡಿಲವಾದೀತೋ ಎಂಬ ಕಳವಳದಲ್ಲಿ. "ಬರೋ ಸಿವರಾತ್ರಿಗೆ ಇಲ್ಲಿ ಹರಾಜು ಹಾಕ್ತಾರೆ, ಕೂಗ್ಕೊಂಡ್ರಾಯ್ತು. ಅಲ್ಲೀಗಂಟ ನನ್ ಬಟನ್ ಫೋನು ಮಡಿಕ್ಕೋ. ಟಾರ್ಚೂ ಅದೆ ಅದ್ರಲ್ಲಿ."

ಫೋನು ಹುಂಡಿಗೆ ಬಿತ್ತು. ಈ ಸಲ ಗಂಟೆ ಬಾರಿಸಲಿಲ್ಲ.

ಮೂರು ದಿನ ರೂಪಶ್ರೀ ಟಾರ್ಚು ಹಾಕಿ ಆರಿಸಿ ಕಾಲ ಕಳೆದಳು. ನಾಲ್ಕನೆಯ ಸಂಜೆ ಕಾರ್ಖಾನೆಯಿಂದ ಬಂದವಳೇ ಮಗಳ ಕೋಣೆಯ ಬಾಗಿಲಲ್ಲಿ ಸೆರಗಿನ ತುದಿ ಸುತ್ತುತ್ತಾ ನಿಂತಳು.

"ಕಾವ್ಯಾ… ಒಂದೈದು ನಿಮಿಷ ನಿನ್ನ ಫೋನು ಕೊಡೇ."

"ಯಾಕೆ?"

"ಸುಮ್ನೆ ಕಣೇ. ಏನೋ ನೋಡ್ಬೇಕಿತ್ತು."

"ಏನೋ ಅಂದ್ರೆ ಏನು? ರೂಮಿಗೆ ತಗೊಂಡ್ಹೋಗೋ ಹಾಗಿಲ್ಲ, ಇಲ್ಲೇ ನನ್ನ ಕಣ್ಣೆದುರಿಗೆ ಕೂತು ನೋಡ್ಬೇಕು" ಎಂದಳು ಕಾವ್ಯ, ಮೊದಲ ಬಾರಿಗೆ ತಲೆ ಎತ್ತಿ ತಾಯಿಯ ಮುಖವನ್ನು ನೆಟ್ಟಗೆ ನೋಡುತ್ತಾ. "ಅದೂ ಊಟ ಆದ್ಮೇಲೆ."

ರೂಪಶ್ರೀ ಸೀದಾ ಹೋಗಿ ತಟ್ಟೆ ಹಾಕಿಕೊಂಡು ಕೂತಳು. ಪುಣ್ಯಕ್ಕೆ ಅವತ್ತು ರಾಗಿಮುದ್ದೆ. ಅಗಿಯುವ ಹೊತ್ತಾದರೂ ಉಳಿಯಿತು!