ಗಂಟೆ ಗೋಪುರದ ಅಳಿಯ

ಝೈದ್‌ನ ಪಡಿಪಾಟಲಿಗೆಲ್ಲ ಮೂಲ ಶುಕ್ರವಾರ ಸಂಜೆ ಬಂದ ಒಂದು ಫೋನು. ಮಾಡಿದವನು ಒವೈಸ್, ಅಂದರೆ ಝೈದ್ ಮದುವೆಯಾಗಬೇಕೆಂದಿದ್ದ ಅನಮ್‌ಳ ಅಕ್ಕನ ಗಂಡ. ಬೆಳಗಾದರೆ ಹುಡುಗಿಯ ಅಪ್ಪನ ಮುಂದೆ ನಿಲ್ಲಬೇಕಲ್ಲ ಎಂದು ಒದ್ದಾಡುತ್ತಿದ್ದ ಝೈದ್‌ಗೆ ಆ ಫೋನು ದೇವರೇ ಮಾಡಿಸಿದಂತೆ ಕಂಡಿತು.

"ನೋಡಿ ಝೈದ್, ನಮ್ಮ ಮಾವನಿಗೆ ಡೆಟ್ರಾಯಿಟ್‌ನ ಹಳೇ ಚರ್ಚುಗಳಂದ್ರೆ ಪ್ರಾಣ. ನಾಳೆ ನಿಮ್ಮನ್ನ ಕರ್ಕೊಂಡು ಹೋಗ್ತಾರೆ. ಏನು ತೋರಿಸಿದ್ರೂ ವಾವ್ ಅನ್ನಿ. ಪ್ರಶ್ನೆ ಕೇಳಿ. ಏನು ತಿನ್ನಿಸಿದ್ರೂ ಇನ್ನೊಂದು ಹಾಕಿಸ್ಕೊಳ್ಳಿ. ಸಂಜೆ ಹೊತ್ತಿಗೆ ಹೂಂ ಅಂತಾರೆ. ಏಳು ವರ್ಷದ ಹಿಂದೆ ನಾನೂ ಹಾಗೇ ಪಾಸಾಗಿದ್ದು."

"ನಿಮ್ಮ ಉಪಕಾರ ಮರೆಯಲ್ಲ ಭಾಯ್," ಅಂದ ಝೈದ್.

ಅವನಿಗೆ ಬೇಕಾಗಿದ್ದುದು ಆ ಒಂದು ಹೂಂ. ಡಿಸೆಂಬರಿನಲ್ಲಿ ನಿಕಾಹ್, ಅದಾದ ಮೇಲೆ ಅನಮ್ ಶಿಕಾಗೋ ಪಕ್ಕದ ಇಟಾಸ್ಕಾಕ್ಕೆ, ಅವನ ಅಪಾರ್ಟ್‌ಮೆಂಟಿಗೆ ಬರುವುದು. ಇಷ್ಟೇ ಆಸೆ. ಹರಿಹರದಿಂದ ಅಮ್ಮಿ ದಿನಕ್ಕೆರಡು ಸಲ "ತಾರೀಖು ಏನಾಯ್ತು?" ಎಂದು ಕೇಳುತ್ತಿದ್ದರು. ಹುಡುಗಿಯ ಅಪ್ಪ ಖಾದರ್ ಸಾಹೇಬರು ಮಾತ್ರ ಆರು ತಿಂಗಳಿಂದ "ನೋಡಾಣ" ಬಿಟ್ಟರೆ ಬೇರೆ ಮಾತೇ ಆಡಿರಲಿಲ್ಲ. ಕಡೆಗೆ, "ಮೊದ್ಲು ಬಂದು ನಮ್ಮೂರು ನೋಡು" ಎಂದು ಕರೆಸಿಕೊಂಡಿದ್ದರು.

ಶನಿವಾರ ಬೆಳಗಿನ ಜಾವವೇ ಹೊರಟು, ಮುನ್ನೂರು ಮೈಲಿ ಓಡಿಸಿ, ದಾರಿಯಲ್ಲಿ ನಿಧಾನವಾಗಿ ಕಾಫಿ ಕುಡಿದು, ಹೂವು ಕೊಂಡು, ಕಾರಿನ ಗಡಿಯಾರದಲ್ಲಿ ಸರಿಯಾಗಿ ಒಂಬತ್ತಕ್ಕೆ ಝೈದ್ ಡೆಟ್ರಾಯಿಟ್ ಪಕ್ಕದ ಫಾರ್ಮಿಂಗ್ಟನ್ ಹಿಲ್ಸ್ ತಲುಪಿದ. ಖಾದರ್ ಸಾಹೇಬರು ಜಾಕೆಟ್ ತೊಟ್ಟು ಡ್ರೈವ್‌ವೇಯಲ್ಲೇ ನಿಂತಿದ್ದರು.

"ಇಲ್ಲಿ ಹತ್ತು ಗಂಟೆ ಕಣಪಾ. ನಿಮ್ ಶಿಕಾಗೋದ ಒಂಬತ್ತು ನಮ್ಮೂರಾಗೆ ನಡ್ಯಲ್ಲ."

ಸಾಹೇಬರೂ ಮೂಲದಲ್ಲಿ ಹರಿಹರದವರೇ. ಕಾರು ಕಂಪನಿಯಲ್ಲಿ ಎಂಜಿನಿಯರಾಗಿದ್ದು ರಿಟೈರಾಗಿದ್ದರು. ಹಳೇ ಚರ್ಚುಗಳ ರಿಪೇರಿ ಕೆಲಸವನ್ನು ಮೊದಲಿಂದಲೂ ಬಿಟ್ಟಿಯಾಗಿ ಮಾಡಿಕೊಡುತ್ತಿದ್ದರು. ಸಿಟ್ಟು ಬಂದರೆ ಉರ್ದು, ಅಳತೆ ಹೇಳುವಾಗ ಇಂಗ್ಲಿಷು, ಮಿಕ್ಕ ಹೊತ್ತೆಲ್ಲ ಹರಿಹರದ ಕನ್ನಡ. ಸದ್ಯ ಕನ್ನಡದಲ್ಲೇ ಇದ್ದಾರಲ್ಲ ಎಂದು ಝೈದ್ ಸಮಾಧಾನ ಮಾಡಿಕೊಂಡ.

ಅನಮ್‌ಳೂ ಜೊತೆಗೆ ಹೊರಟಳು. ಮೊದಲನೆಯ ಚರ್ಚಿನ ಹೊಸ್ತಿಲಲ್ಲೇ ಝೈದ್ ಶುರು ಹಚ್ಚಿಕೊಂಡ. ಬಾಗಿಲಿಗೊಂದು ವಾವ್, ಕಂಬಕ್ಕೊಂದು ವಾವ್, ಬೆಂಚಿಗೆರಡು. ಗೋಡೆಯ ಮೇಲೆ ಒಂದು ದೊಡ್ಡ ಕಂದು ಚೌಕ ಕಂಡಿತು. ಕೈ ಕಟ್ಟಿ ನಿಂತು, "ಎಷ್ಟು ಸಿಂಪಲ್ ಆಗಿದೆ, ಎಷ್ಟು ಚೆನ್ನಾಗಿದೆ ಅಂಕಲ್! ಯಾವ ಕಾಲದ್ದು?" ಅಂದ.

"ಅದು ಪ್ಲೈವುಡ್ಡು. ಕಿಟಕಿ ಗಾಜು ರಿಪೇರಿಗೆ ಹೋಗೇತಿ. ಹೋದ್ ಮಂಗ್ಳವಾರ ನಾನೇ ಮೊಳಿ ಹೊಡ್ದಿದ್ದು."

ಅನಮ್ ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. "ಝೈದ್, ಪ್ಲೀಸ್, ಆ ವಾವ್ ಸ್ವಲ್ಪ ಕಮ್ಮಿ ಮಾಡು. ಐ ಆಮ್ ಸೀರಿಯಸ್." ಹುಡುಗಿ ನಾಚಿಕೊಳ್ಳುತ್ತಿದ್ದಾಳೆ ಎಂದುಕೊಂಡ ಝೈದ್. ಬೆನ್ನ ಹಿಂದೆ ಸಾಹೇಬರು, "ಹೊಡ್ದಿದ್ದನ್ನೂ ಗಮನಿಸ್ಯಾನಲ್ಲ!" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಎರಡನೆಯ ಚರ್ಚು ನೂರಕ್ಕೂ ಹೆಚ್ಚು ವರ್ಷದ ಹಿಂದೆ ಪೋಲೆಂಡಿನಿಂದ ಬಂದ ಕೂಲಿಗಳು ಕಟ್ಟಿದ್ದು. ಒಳಗೆ ಕಾಲಿಟ್ಟ ಝೈದ್‌ಗೆ ತುಟಿಯವರೆಗೆ ಬಂದಿದ್ದ ವಾವ್ ಹೊರಡಲೇ ಇಲ್ಲ. ಕಿಟಕಿಗಳು ಮೂರಾಳು ಎತ್ತರ. ಅವುಗಳಿಂದ ನೀಲಿ, ಕೆಂಪು, ಜೇನಿನ ಬಣ್ಣದ ಬೆಳಕು ಇಳಿದು ಬೆಂಚುಗಳ ಮೇಲೆ, ನೆಲದ ಮೇಲೆ, ಅವನದೇ ಕೈಗಳ ಮೇಲೆ ಹರಡಿತ್ತು. ಕತ್ತೆತ್ತಿದ. ಚಾವಣಿಯ ತುಂಬ ಬಂಗಾರದ ನಕ್ಷತ್ರಗಳು. ಎಲ್ಲೋ ಯಾರೋ ಆರ್ಗನ್ ಅಭ್ಯಾಸ ಮಾಡುತ್ತಿದ್ದರು. ಆ ನಾದ ಕಿವಿಗಿಂತ ಮೊದಲು ಕಾಲಡಿಯ ಹಲಗೆಯಲ್ಲಿ ಕೇಳುತ್ತಿತ್ತು. ಹಗಲಿಡೀ ಸ್ಕ್ರೀನಿಗೆ ಮುಖವಿಟ್ಟು ಕೂರುವ ಝೈದ್ ಹೀಗೆ ತಲೆಯೆತ್ತಿ ನಿಂತು ಎಷ್ಟು ವರ್ಷವಾಗಿತ್ತೋ. ಅವನಿಗೆ ತಾನು ತೀರ ಚಿಕ್ಕವನು ಅನ್ನಿಸಿತು. ಹಾಗನ್ನಿಸಿದ್ದು ತುಂಬ ಹಿತವಾಗಿತ್ತು.

"ಫೌಂಡ್ರಿಯಾಗೆ ಹನ್ನೆರಡು ತಾಸು ದುಡಿಯೋರು," ಸಾಹೇಬರು ಮೆಲ್ಲಗೆ ಹೇಳಿದರು. "ಸಂಜಿಕೆ ಬಂದು ಇಲ್ಲಿ ಇಟ್ಟಿಗಿ ಹೊರೋರು. ಅವರ ಮನಿಗಳು ನೋಡಿದ್ರೆ ಬೆಂಕಿಪೊಟ್ಣದಂಗೆ. ದೇವರ ಮನಿ ಮಾತ್ರ ಹಿಂಗೇ ಇರ್ಬೇಕು ಅಂದ್ರು."

"ಅಂಕಲ್, ಅಷ್ಟು ಮೇಲಿನ ಗಾಜನ್ನ ಯಾರು ಒರೆಸ್ತಾರೆ?" ಝೈದ್ ಕೇಳಿದ. ಒವೈಸ್ ಹೇಳಿಕೊಟ್ಟಿದ್ದ ಎಂದಲ್ಲ, ನಿಜವಾಗಿ ತಿಳಿಯಬೇಕೆನಿಸಿ ಕೇಳಿದ.

ಖಾದರ್ ಸಾಹೇಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಒವೈಸು ಮೊದ್ಲ ದಿನ ಬಂದಾಗ ಇದನ್ನ ಕೇಳ್ಲೇ ಇಲ್ಲ ನೋಡು."

ಮಧ್ಯಾಹ್ನದ ಊಟ ಚರ್ಚಿನ ಹಿಂದಿನ ಹಾಲ್‌ನಲ್ಲಿ. ಅಲ್ಲಿನ ಅಡಿಗೆಮನೆಯ ಯಜಮಾನಿ ವಾಂಡಾ ಎಂಬ ಪೋಲಿಷ್ ಅಜ್ಜಿ. ಆಕೆ ತಂದಿಟ್ಟ ಪಿರೋಗಿ ಥೇಟು ನಮ್ಮ ಕಡುಬೇ. ಹೂರಣದ ಜಾಗದಲ್ಲಿ ಆಲೂಗಡ್ಡೆ, ಮೇಲೆ ಬೆಣ್ಣೆಯಲ್ಲಿ ಹುರಿದ ಈರುಳ್ಳಿ. ಮೊದಲನೆಯದು ಬಾಯಲ್ಲಿ ಕರಗಿಹೋಯಿತು. "ಇನ್ನೊಂದು," ಅಂದ ಝೈದ್. ಅಜ್ಜಿಗೆ ಒಂದು ಎಂದರೆ ಮೂರು. ಅವನು ಮತ್ತೆ ಇನ್ನೊಂದು ಅಂದ, ಅಜ್ಜಿ ಮತ್ತೆ ಮೂರು. ಪಕ್ಕದ ಮೇಜಿನ ಮುದುಕರೆಲ್ಲ ಕುರ್ಚಿ ತಿರುಗಿಸಿಕೊಂಡು ಎಣಿಸತೊಡಗಿದರು. ಹದಿನಾರಕ್ಕೆ ಚಪ್ಪಾಳೆ ಬಿತ್ತು. ಹತ್ತೊಂಬತ್ತಕ್ಕೆ ಅವನು ಬೆಲ್ಟನ್ನು ಒಂದು ತೂತು ಸಡಿಲಿಸಿದ.

"ಈಗ ಗೋಪುರ ಹತ್ತಾಣ," ಅಂದರು ಸಾಹೇಬರು.

ಸುರುಳಿ ಮೆಟ್ಟಿಲು, ಒಬ್ಬರೇ ಹತ್ತುವಷ್ಟು ಕಿರಿದು. ಸಾಹೇಬರು ಮುಂದೆ, ಝೈದ್ ನಡುವೆ, ಹಿಂದೆ ವಾಂಡಾ ಅಜ್ಜಿ, ಕಟ್ಟಕಡೆಗೆ ಅನಮ್. ಕೊನೆಯ ತಿರುವಿನಲ್ಲಿ ದಪ್ಪ ಜಾಕೆಟ್ಟು ಮತ್ತು ಹತ್ತೊಂಬತ್ತು ಕಡುಬು ಸೇರಿ ಝೈದ್‌ನನ್ನು ಬಿರಡೆಯಂತೆ ಸಿಕ್ಕಿಹಾಕಿಸಿದವು. ಮೇಲಿನಿಂದ ಸಾಹೇಬರು ಕೈ ಹಿಡಿದು ಜಗ್ಗಿದರು. ಕೆಳಗಿನಿಂದ ಅಜ್ಜಿ ಪೋಲಿಷ್ ಭಾಷೆಯಲ್ಲಿ ಏನೋ ಹೇಳುತ್ತ ಭುಜ ಕೊಟ್ಟು ನೂಕಿದರು. ಝೈದ್ ಚಿಮ್ಮಿ ಮೇಲೆ ಬಂದ. ಬಂದ ರಭಸಕ್ಕೆ ಮುಗ್ಗರಿಸಿ, ಬೀಳದಂತೆ ಕೈಗೆ ಸಿಕ್ಕ ಹಗ್ಗವನ್ನು ಹಿಡಿದು ಜೋತುಬಿದ್ದ.

ಢಣ್ಣ್!

ಇಡೀ ಗೋಪುರ ಗುಂಯ್‌ಗುಟ್ಟಿತು. ಪಾರಿವಾಳಗಳು ಒಮ್ಮೆಲೇ ಎದ್ದವು.

"ಯಾ ಅಲ್ಲಾ! ಯೇ ಕ್ಯಾ ಕಿಯಾ!" ಎಂದು ಚೀರಿದರು ಸಾಹೇಬರು.

ಉರ್ದು! ಸಾಹೇಬರಿಗೆ ಸಿಟ್ಟು ಬಂದಾಯಿತು ಎಂದುಕೊಂಡ ಝೈದ್. ಹಿಂದಿನಿಂದ ಅನಮ್ ಹೇಳಿದಳು: "ಒಂಬತ್ತು ವರ್ಷದಿಂದ ಈ ಬೆಲ್ ಯಾರೂ ಬಾರಿಸಿಲ್ಲ. ಗೋಡೇಲಿ ಕ್ರ್ಯಾಕ್ ಇದೆ, ರಿಪೇರಿ ಆದ್ರೂ ಬಿದ್ದುಹೋಗುತ್ತೆ ಅಂತ ಎಲ್ಲರಿಗೂ ಭಯ." ಕೆಳಗೆ ಬೀದಿಯ ಬಾಗಿಲುಗಳೆಲ್ಲ ತೆರೆದವು. ಜನ ಸ್ವೆಟರ್ ಎಳೆದುಕೊಳ್ಳುತ್ತ ಓಡಿ ಬಂದರು. ಯಾರೋ ಫೋನ್ ಮಾಡಿರಬೇಕು, ಫೈರ್ ಇಂಜಿನ್ನೂ ಕೂಗುತ್ತ ಬಂದು ನಿಂತಿತು. ಡಿಸೆಂಬರೂ ಹೋಯಿತು, ಅನಮ್‌ಳೂ ಹೋದಳು ಎಂದು ಝೈದ್ ಕಣ್ಣು ಮುಚ್ಚಿಕೊಂಡ.

ಕಣ್ಣು ತೆರೆದರೆ, ಖಾದರ್ ಸಾಹೇಬರು ಮಂಡಿಯೂರಿ ಕೂತು ಗೋಡೆಯ ಬಿರುಕಿನ ಮೇಲೆ ಬೆರಳಾಡಿಸುತ್ತಿದ್ದರು.

"ಒಂದ್ ಕೂದ್ಲಷ್ಟೂ ಸರ್ದಿಲ್ಲ," ಅಂದರು. "ಈ ರಿಪೇರಿ ಲೆಕ್ಕ ಹಾಕಿದ್ದು ನಾನು. ಒಂಬತ್ತು ವರ್ಷದಿಂದ ನನಗೇ ಧೈರ್ಯ ಇರ್ಲಿಲ್ಲಪಾ. ನೀ ಬಾರಿಸಿಬಿಟ್ಟಿ."

ಕೆಳಗೆ ನೋಡಿದರೆ, ಹಾಲ್‌ನ ಮುದುಕರು ಟೋಪಿ ತೆಗೆದು ಎದೆಗೊತ್ತಿಕೊಂಡು ಮೇಲೆ ನೋಡುತ್ತ ನಿಂತಿದ್ದರು. ಝೈದ್‌ನ ಪಕ್ಕದಲ್ಲಿ ವಾಂಡಾ ಅಜ್ಜಿ ಏಪ್ರನ್ನಿನಿಂದ ಕಣ್ಣೊರೆಸಿಕೊಂಡರು. ದೂರದಲ್ಲಿ ನದಿ ಹೊಳೆಯುತ್ತಿತ್ತು, ಅದರಾಚೆ ಕೆನಡಾ. ಈ ಊರು ಇಷ್ಟು ದೊಡ್ಡದು, ಇಷ್ಟು ಚೆಂದ ಎಂದು ಝೈದ್‌ಗೆ ಯಾರೂ ಹೇಳಿರಲಿಲ್ಲ. ಅವನಿಗೂ ಅಳು ಬಂತು.

ಇಳಿಯುವಾಗ ಸಾಹೇಬರು ಮಾತಿಗೆ ಮಾತೆಂಬಂತೆ ಕೇಳಿದರು: "ನಿನ್ ಕೆಲ್ಸ ಆಫೀಸಿಗೇ ಹೋಗಿ ಮಾಡ್ಬೇಕೇನು?"

"ಇಲ್ಲ ಅಂಕಲ್! ಲ್ಯಾಪ್‌ಟಾಪ್ ಇದ್ರೆ ಸಾಕು, ಎಲ್ಲಿಂದ ಬೇಕಾದ್ರೂ ಮಾಡ್ತೀನಿ."

"ಹಂಗಾರೆ ಡಿಸೆಂಬರ್ ಆಗ್ಲಿ."

ಝೈದ್ ಮೆಟ್ಟಿಲ ಮೇಲೆಯೇ ಅಮ್ಮಿಗೆ ಮೆಸೇಜ್ ಹಾಕಿದ.

ರಾತ್ರಿ ಊಟಕ್ಕೆ ಒವೈಸ್ ತನ್ನ ಹೆಂಡತಿ ದಾನಿಯಾಳನ್ನು ಕರೆದುಕೊಂಡು ಬಂದ. ಅನಮ್‌ಳ ತಾಯಿ ದಿಲ್‌ಶಾದ್ ಆಂಟಿ ಬಿರಿಯಾನಿ ಬಡಿಸಿದರು. ಸಾಹೇಬರು ಗಂಟಲು ಸರಿಮಾಡಿಕೊಂಡು ತಾರೀಖು ಘೋಷಿಸಿದರು. ಎಲ್ಲರೂ ಮುಬಾರಕ್ ಹೇಳಿದರು. ಆಗ ಒವೈಸ್ ಎದ್ದು, ಜೇಬಿನಿಂದ ಕಬ್ಬಿಣದ ದೊಡ್ಡ ಬೀಗದ ಕೈ ಗೊಂಚಲೊಂದನ್ನು ತೆಗೆದು ಝೈದ್‌ನ ತಟ್ಟೆಯ ಪಕ್ಕದಲ್ಲಿಟ್ಟ.

"ಗೋಪುರದ್ದು," ವಿವರಿಸಿದರು ಸಾಹೇಬರು. "ಗಡಿಯಾರಕ್ಕೆ ಎರಡು ದಿನಕ್ಕೊಮ್ಮೆ ಕೀ ಕೊಡ್ಬೇಕು. ಗಾಜು ಒರೆಸ್ಬೇಕು. ಶನಿವಾರ ನೋಡಾಕ ಬಂದೋರಿಗೆ ಟೂರು. ಇನ್ಮೇಲೆ ಗಂಟಿ ಬಾರಿಸೋದೂ ಬಂತು. ಏಳು ವರ್ಷ ಇದನ್ನೆಲ್ಲ ಮಾಡಿದ ಒವೈಸ್‌ಗೆ, ತಕ್ಕ ಅಳಿಯ ಇನ್ನೊಬ್ಬ ಸಿಕ್ಕ ದಿನ ಬಿಡುಗಡೆ ಅಂತ ಮಾತು ಕೊಟ್ಟಿದ್ದೆ. ನಮ್ ಲೇಔಟ್‌ನಾಗೇ ಒಂದ್ ಮನಿ ಖಾಲಿ ಐತಿ, ಆಗ್ಲೇ ಮಾತಾಡೀನಿ."

ಅನಮ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. "ಹುಟ್ಟಿದಾಗಿಂದ ಎಲ್ಲಾ ಶನಿವಾರ ಅಲ್ಲೇ ಕಳೆದಿದೀನಿ. ಇಟಾಸ್ಕಾದಲ್ಲಿ ಸುಮ್ಮನೆ ಸೋಫಾ ಮೇಲೆ ಬಿದ್ಕೋಬೇಕು ಅಂತಿದ್ದೆ ಕಣೋ!"

ಆಗಲ್ಲ ಅಂಕಲ್, ಎಂದು ಹೇಳಬಹುದಿತ್ತು. ಝೈದ್ ಬಾಯಿಯನ್ನೂ ತೆರೆದ. ಆದರೆ ಸಾಹೇಬರ ಮುಖದಲ್ಲಿದ್ದ ಸಂತೋಷ ನೋಡಿ, ತಾನು ಆ ದಿನ ಕಂಡದ್ದನ್ನೆಲ್ಲ ನೆನೆದು, ಆಯ್ತು ಎಂದು ತಲೆಯಾಡಿಸಿದ.

ಹೊರಗೆ ಡ್ರೈವ್‌ವೇಯಲ್ಲಿ ಒವೈಸ್ ಅವನನ್ನು ಗಟ್ಟಿಯಾಗಿ ತಬ್ಬಿಕೊಂಡ. "ನನಗೆ ಶಿಕಾಗೋ ಹತ್ರದ ಲಿಸ್ಲ್‌ನಲ್ಲಿ ಕೆಲಸ ಸಿಕ್ಕಿದೆ. ಬಿಡಿಸ್ಕೊಳ್ಳೋ ದಾರಿ ಇಲ್ದೆ ಕಾಯ್ತಾ ಇದ್ದೆ. ಇಟಾಸ್ಕಾದ ನಿಮ್ಮ ಅಪಾರ್ಟ್‌ಮೆಂಟ್ ಹೇಗೂ ಖಾಲಿ ಆಗುತ್ತಲ್ಲ, ನಮಗೇ ಕೊಟ್ಬಿಡಿ."

ಝೈದ್‌ಗೆ ಕೋಪ ಮಾಡಿಕೊಳ್ಳುವ ತ್ರಾಣವೂ ಉಳಿದಿರಲಿಲ್ಲ. "ಆಯ್ತು ಭಾಯ್. ಏಳು ವರ್ಷ ತಾನೇ? ಆಮೇಲೆ ನಾನೂ ಮುಂದಿನ ಅಳಿಯನಿಗೆ ಕೊಟ್ಟು ಬರ್ತೀನಿ."

ಒವೈಸ್ ಕಾರು ಸ್ಟಾರ್ಟ್ ಮಾಡಿ, ಕಿಟಕಿಯ ಗಾಜು ಇಳಿಸಿದ.

"ಝೈದ್, ಮಾವನಿಗೆ ಇರೋದು ಇಬ್ಬರೇ ಹೆಣ್ಣುಮಕ್ಕಳು."