ಚಿಕ್ಕಮ್ಮನಿಗೆ ವಕೀಲರನ್ನು ಕೊಡದ ಗಣಕಯಂತ್ರಕ್ಕೆ

ಅಸಮಾನತೆ ಸಂಶೋಧನಾ ಕೇಂದ್ರದ ಮೂಲೆಮೇಜಿನ ಮೇಲೆ ವಿರಾಜಮಾನರಾದ, ಪಕ್ಷಪಾತವೆಂದರೇನೆಂದೇ ಅರಿಯದ ಗಣಕಯಂತ್ರ ಮಹಾಶಯರ ಸನ್ನಿಧಿಗೆ, ಅದೇ ಕೇಂದ್ರದ ಕಿರಿಯ ಸಂಶೋಧನಾ ಸಹಾಯಕನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ತಂಪಾಗಿದ್ದೀರೆಂದು ಬಲ್ಲೆ. ತಮ್ಮ ಕೋಣೆಗೆ ಎಸಿ ಇದೆ, ನಮ್ಮದಕ್ಕೆ ಕಿಟಕಿಯಿದೆ; ಈ ಅಸಮಾನತೆಯ ಬಗ್ಗೆ ಪ್ರಬಂಧ ಬರೆಯುವ ಎದೆಗಾರಿಕೆ ಕೇಂದ್ರದಲ್ಲಿ ಯಾರಿಗೂ ಇಲ್ಲವಾದ್ದರಿಂದ ನೇರ ವಿಷಯಕ್ಕೆ ಬರುತ್ತೇನೆ.

ಮನೆ ಖಾಲಿ ಮಾಡಿಸುವ ಮೊಕದ್ದಮೆಯಲ್ಲಿ ಸಿಕ್ಕ ಬಡವರಿಗೆ ಉಚಿತ ವಕೀಲರನ್ನು ಕೊಟ್ಟರೆ ಮನೆ ಉಳಿಯುತ್ತದೆಯೇ ಎಂಬುದು ನಮ್ಮ ಅಧ್ಯಯನ. ಅದಕ್ಕಾಗಿ ಅರ್ಧ ಜನಕ್ಕೆ ವಕೀಲರನ್ನು ಕೊಟ್ಟು, ಇನ್ನರ್ಧಕ್ಕೆ ಕೊಡದೆ ಸುಮ್ಮನೆ ನೋಡುತ್ತ ಕೂರಬೇಕು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಹಚ್ಚುವುದನ್ನು ಹಿರಿಯರು ಅನ್ಯಾಯವೆಂದರು. ಹಚ್ಚಿದ ಮೇಲೆ ಯಾವ ಕಣ್ಣು ಎಷ್ಟು ಉರಿಯಿತೆಂದು ಅಳೆದರೆ ಅದೇ ವಿಜ್ಞಾನ. ಯಾರಿಗೆ ಬೆಣ್ಣೆಯೆಂದು ಚೀಟಿ ಎತ್ತುವ ಘನಕಾರ್ಯ ತಮ್ಮದು, ಗುಂಡಿ ಒತ್ತುವ ಭಾಗ್ಯ ನನ್ನದು. ಒತ್ತಿದೆ. ಸುಣ್ಣದ ಪಟ್ಟಿಯಲ್ಲಿ ನನ್ನ ಚಿಕ್ಕಮ್ಮ ಬಂದಳು.

ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲೇ ಬಟ್ಟೆ ಹೊಲಿದು ಬದುಕುವವಳು ಅವಳು. ಮನೆ ಹೋದರೆ ಗಿರಾಕಿಗಳೂ ಹೋದಂತೆ. ಮಾಲೀಕರಿಗೆ ಅದನ್ನು ಕೆಡವಿ ದೊಡ್ಡದು ಕಟ್ಟಬೇಕಂತೆ. ನಾನು ಪ್ರಶ್ನಾವಳಿ ಹಿಡಿದು ಅವಳೆದುರು ಕೂತು, ವಕೀಲರಿಲ್ಲದಿರುವುದು ನಿಮಗೆ ಸ್ವಲ್ಪ ಬೇಸರ ತಂದಿದೆಯೇ, ತುಂಬಾ ಬೇಸರ ತಂದಿದೆಯೇ ಎಂದು ನಿಯಮದಂತೆ ಬಹುವಚನದಲ್ಲೇ ವಿಚಾರಿಸಿದೆ. ಅವಳು ಬಾಯಲ್ಲಿದ್ದ ಗುಂಡುಸೂಜಿ ತೆಗೆದು, "ನಿಮಗೆ ಅಂತೆ, ನಿಮಗೆ! ನಿನ್ನ ಚಡ್ಡಿ ಹೊಲಿದೋಳು ಕಣೋ ನಾನು. ಅಳತೆ ತಗೊಂಡ ಮೇಲೆ ಏನಾದ್ರೂ ಹೊಲಿದು ಕೊಡ್ಬೇಕು, ಗೊತ್ತಾ?" ಎಂದಳು. ಈ ಉತ್ತರಕ್ಕೆ ಪ್ರಶ್ನಾವಳಿಯಲ್ಲಿ ಜಾಗವಿರಲಿಲ್ಲವಾಗಿ "ಅನ್ವಯಿಸುವುದಿಲ್ಲ" ಎಂದು ಗುರುತು ಹಾಕಿಕೊಂಡು ಎದ್ದುಬಂದೆ.

ಸುಣ್ಣದವರಿಗೆ ಯಾವ ನೆರವನ್ನೂ ಕೊಡಕೂಡದು ಎಂಬ ನಿಯಮ ನನಗೆ ಕಂಠಪಾಠ. ಆದರೂ ವಿಚಾರಣೆಯ ದಿನ, ಈಕೆಯ ಪರವಾಗಿ ಮಾತಾಡುವವರು ಯಾರಾದರೂ ಇದ್ದಾರೆಯೇ ಎಂದು ನ್ಯಾಯಾಧೀಶರು ಕೇಳಿದಾಗ, ಒಂಟಿಯಾಗಿ ನಿಂತಿದ್ದ ಚಿಕ್ಕಮ್ಮನನ್ನು ನೋಡಲಾರದೆ ಎದ್ದು ನಿಂತೆ. ಕಾನೂನಿನ ಗಂಧವಿಲ್ಲದ ನಾನು, ಬಲ್ಲದ್ದೊಂದನ್ನೇ, ಅಂದರೆ ಸಂಪತ್ತಿನ ಅಸಮ ಹಂಚಿಕೆಯ ಚರಿತ್ರೆಯನ್ನು, ಮನುಷ್ಯ ಬೇಸಾಯ ಕಲಿತಲ್ಲಿಂದ ಹಿಡಿದು ಬಣ್ಣಿಸತೊಡಗಿದೆ. ಕಬ್ಬಿಣದ ಯುಗ ಮುಟ್ಟುವಷ್ಟರಲ್ಲಿ ಮಾಲೀಕರ ವಕೀಲರು ಆಕಳಿಸಿದರು, ಗುಮಾಸ್ತರು ಬಾಗಿಲ ಕಡೆ ಆಸೆಯಿಂದ ನೋಡಿದರು, ನ್ಯಾಯಾಧೀಶರು ಹಣೆ ಒತ್ತಿಕೊಂಡು ಪ್ರಕರಣವನ್ನು ಮುಂದಿನ ತಿಂಗಳಿಗೆ ಹಾಕಿದರು. ನನ್ನ ಪಾಂಡಿತ್ಯದಿಂದ ಬಡವರೊಬ್ಬರಿಗೆ ಉಪಕಾರವಾದದ್ದು ಇದೇ ಮೊದಲು. ಅದೂ ಅದನ್ನು ಯಾರೂ ಕೇಳಿಸಿಕೊಳ್ಳಲಾರದೆ ಹೋದದ್ದರಿಂದ. ಹೊರಗೆ ಬಂದ ಚಿಕ್ಕಮ್ಮ, "ಲೋ, ಮುಂದಿನ ಸಲ ಇನ್ನೂ ಹಿಂದಿನಿಂದ ಶುರು ಮಾಡೋಕಾಗುತ್ತಾ?" ಎಂದು ಕೇಳಿದಳು.

ನಿಯಮ ಮುರಿದದ್ದಕ್ಕೆ ನಿರ್ದೇಶಕರು ನನ್ನನ್ನು ಎರಡು ತಾಸು ನಿಲ್ಲಿಸಿ ಬೈದರು. ಆದಕಾರಣ ತಮ್ಮಲ್ಲಿ ಬಿನ್ನಹವೇನೆಂದರೆ, ಒಂದೋ ಚಿಕ್ಕಮ್ಮನನ್ನು ಬೆಣ್ಣೆಯ ಪಟ್ಟಿಗೆ ದಾಟಿಸಬೇಕು; ಅದಾಗದಿದ್ದರೆ ತಾವೇ ಒಂದು ಬಾಡಿಗೆ ಮನೆ ಹಿಡಿದು, ಖಾಲಿ ಮಾಡುವ ನೋಟಿಸು ಪಡೆದು, ಬೇಸರ ಸ್ವಲ್ಪವೋ ತುಂಬವೋ ಎಂದು ನನಗೆ ತಿಳಿಸಬೇಕು.

ತಮ್ಮ ವಿಶ್ವಾಸಿ,
ಗುಂಡಿ ಒತ್ತಿದವನು

ತಾ.ಕ.: ತಾವು ಪಟ್ಟಿ ಬದಲಿಸದಿದ್ದರೂ ಚಿಂತೆಯಿಲ್ಲ. ಮುಂದಿನ ವಿಚಾರಣೆಗೆ ನಿರ್ದೇಶಕರನ್ನೇ ಉಪನ್ಯಾಸಕ್ಕೆಂದು ನಂಬಿಸಿ ಕರೆದೊಯ್ಯುತ್ತಿದ್ದೇನೆ. ಅವರು ಮಾತಿಗೆ ನಿಂತರೆ ಚಿಕ್ಕಮ್ಮ ಆ ಮನೆಯಲ್ಲೇ ಮೊಮ್ಮಕ್ಕಳ ಬಟ್ಟೆ ಹೊಲಿಯುತ್ತಾಳೆ.